ಕೈತುತ್ತಿಗೆ ಕರೆಂಟು

ಮೈಸೂರಿನ ವಸುಧಾಳ ಸಂಕೋಚ ನೋಡಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಜಪಾನಿನ ತ್ಸುಕುಬಾದಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಹೋದ ವರ್ಷ ಸೈಕಲ್ಲಿನಿಂದ ಬಿದ್ದು ಅವಳ ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಯಿತು. ನಡಿಗೆ ನಿಧಾನಕ್ಕೆ ಮರಳಿತು, ಬೆರಳುಗಳು ಮಾತ್ರ ಮಡಚಲೊಲ್ಲವು. ಗಂಡ ಶ್ರೀನಾಥ ಚಮಚದಲ್ಲಿ ತಿನ್ನಿಸುತ್ತಿದ್ದ. ಒಂದು ದಿನ ಅವರ ಪುಟ್ಟ ಮಗಳು ಇಂಚರಾ ಆ ಚಮಚ ಕಸಿದುಕೊಂಡು ಅಮ್ಮನ ಬಾಯಿಗಿಟ್ಟಳು. ವಸುಧಾ ಆವತ್ತು ನನ್ನ ಮುಂದೆ ಅತ್ತುಬಿಟ್ಟಳು.

"ನಾನು ಅವಳಿಗೆ ತಿನ್ನಿಸ್ಬೇಕು ಚಾಮು, ಅವಳು ನನಗಲ್ಲ," ಎಂದಳು.

ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯೊಂದರ ಪ್ರಯೋಗ ನಡೆಯುತ್ತಿತ್ತು, ವಸುಧಾ ಅದಕ್ಕೆ ಸೇರಿಕೊಂಡಳು. ಕತ್ತಿನ ಹಿಂದೆ ಅಂಟುಪಟ್ಟಿ ಹಚ್ಚಿ ಸಣ್ಣಗೆ ಕರೆಂಟು ಹರಿಸುತ್ತಾರೆ. ಅದು ಹರಿಯುತ್ತಿರುವಾಗಲೇ ಕೈಗೆ ಅಭ್ಯಾಸ. ಏನೂ ಸುಧಾರಿಸದಿದ್ದರೆ ತಿಂಗಳ ಕೊನೆಗೆ ನಿಲ್ಲಿಸುವುದಾಗಿ ಹೇಳಿದ್ದರು. ಒಮ್ಮೆ ನಾನೂ ಜೊತೆಗೆ ಹೋದೆ. ಚಿಕಿತ್ಸೆ ಕೊಡುವ ಮೊರಿವಾಕಿ-ಸಾನ್ ತಲೆಬಾಗಿ ವಂದಿಸಿ ಅವಳ ಮುಂದಿಟ್ಟದ್ದೇನು? ಚಾಪ್‌ಸ್ಟಿಕ್ಕು, ಒಂದು ಬಟ್ಟಲು ಸೋಯಾ ಕಾಳು! ಕಡ್ಡಿ ಜಾರಿತು, ಕಾಳು ಉರುಳಿತು. ವಸುಧಾ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಾ ಕೂತಳು.

"ಅಲ್ಲ ಕಣೇ, ಕೈ ನೆಟ್ಟಗಿದ್ದಾಗ್ಲೇ ನಿಂಗೆ ಇದು ಹಿಡಿಯಕ್ಕೆ ಬರ್ತಿರ್ಲಿಲ್ಲ! ಹೋದಲ್ಲೆಲ್ಲಾ ಫೋರ್ಕ್ ಕೇಳ್ತಿದ್ದೆ. ಹೇಳಕ್ಕೇನು ದಾಡಿ?" ಎಂದು ರೇಗಿದೆ.

"ಪಾಪ, ಅಷ್ಟು ಪ್ರೀತಿಯಿಂದ ಕೊಡ್ತಾರೆ. ಬೇಡ ಅಂತ ಹೆಂಗೆ ಅನ್ನೋದು?"

ನನ್ನ ಹರಕುಮುರುಕು ಜಪಾನಿಯಲ್ಲಿ ನಾನೇ ವಿಷಯ ಹೇಳಿದೆ. ಮೊರಿವಾಕಿ-ಸಾನ್ ಮುಖ ಕೆಂಪಾಯಿತು. ಈಗ ಸುಮಿಮಾಸೆನ್ ಹೇಳುವ ಸರದಿ ಅವರದು. ಮನೆಯಲ್ಲಿ ಹೇಗೆ ಉಣ್ಣುತ್ತೀರಿ ಎಂದು ಕೇಳಿದರು. ಬಲಗೈ ಎತ್ತಿ ತೋರಿಸಿದೆ. ಮುಂದಿನ ಸಲ ಅಲ್ಲಿಗೆ ಮೊಸರನ್ನದ ಡಬ್ಬಿ ಹೋಯಿತು.

ಮೊದಲು ಅನ್ನ ಮೇಜಿಗೆ, ಅವಳ ಬಟ್ಟೆಗೆ, ಮೊರಿವಾಕಿ-ಸಾನ್ ತೋಳಿಗೂ ಮೆತ್ತಿತು. ಅವರೇನೂ ಬೇಸರಿಸಲಿಲ್ಲ, ಮತ್ತೆ ಕರೆಂಟು ಹರಿಸಿದರು. ಕೈಗೆ ಈ ಕೆಲಸದ ಗುರುತಿತ್ತು. ದಿನ ಕಳೆದಂತೆ ಬೆರಳುಗಳು ಒಟ್ಟುಗೂಡಿದವು, ಹೆಬ್ಬೆರಳು ತುತ್ತನ್ನು ತಳ್ಳಿತು. ಚಿಕಿತ್ಸೆ ಮುಂದುವರಿಯಿತು. ನನಗಂತೂ ಕುಣಿದಾಡುವಷ್ಟು ಖುಷಿ.

ಕಳೆದ ಭಾನುವಾರ ವಸುಧಾ ಮನೆಯಲ್ಲಿ ಸಾರನ್ನ ಕಲಸಿಕೊಂಡು ಕೂತಳು. ಕತ್ತಿಗೆ ಪಟ್ಟಿ ಇರಲಿಲ್ಲ, ಕರೆಂಟೂ ಇರಲಿಲ್ಲ. ಇಂಚರಾ ಎದುರು ಕೂತು ಅಂಗೈ ಒಡ್ಡಿದಳು. ತುತ್ತು ನಡುಗುತ್ತಾ ಹೋಗಿ, ಅರ್ಧ ನೆಲಕ್ಕುದುರಿ, ಅರ್ಧ ಮಗುವಿನ ಕೈ ಸೇರಿತು. ಶ್ರೀನಾಥನೂ ನಾನೂ ಪಕ್ಕದಲ್ಲೇ ಕೂತಿದ್ದೆವು. ಇಂಚರಾ ತಿಂದಳು, ಕೈ ನೆಕ್ಕಿದಳು, ಮತ್ತೆ ಅಂಗೈ ಚಾಚಿದಳು.

"ಅಮ್ಮ, ಒಕಾವಾರಿ!"

ಇನ್ನೊಂದು ಬೇಕಂತೆ. ವಸುಧಾ ಅಳುತ್ತಾ ನಗುತ್ತಾ ಮತ್ತೆ ಕಲಸಿದಳು.