ಚೀಟಿಯಿಲ್ಲದ ಭೇಟಿ

ಚುನಾವಣೆಯ ಸಮಯದಲ್ಲಿ ನಮ್ಮ ಅಭ್ಯರ್ಥಿ ಬೆಂಗೇರಿಗೆ ಹೋಗುವ ಮುನ್ನಾದಿನ ನಾನು ಮನೆಮನೆಗೆ ಹೋಗಿ ಕಷ್ಟಸುಖ ವಿಚಾರಿಸಿ, ಚೀಟಿಯಲ್ಲಿ ಬರೆದು ಅಭ್ಯರ್ಥಿಯ ಕೈಗಿಡುತ್ತಿದ್ದೆ. "ಮೊಣಕಾಲ ನೋವು ಕಡಿಮಿ ಆತೇನ್ರಿ, ಅವ್ವಾರ?" ಎಂದು ಅವರು ಕೇಳಿದಾಗ ಒಬ್ಬ ಅಜ್ಜಿ ಅತ್ತೇಬಿಟ್ಟಿದ್ದರು.

ಅವರು ಗೆದ್ದು ಮಂತ್ರಿಯಾದರು, ನಾನು ಅವರ ವಿಶೇಷಾಧಿಕಾರಿಯಾದೆ. ಕಳೆದ ತಿಂಗಳು ಅದೇ ಅಜ್ಜಿ ತಮ್ಮ ರೇಶನ್ ಕಾರ್ಡ್ ರದ್ದಾಗಿದೆಯೆಂದು ಅರ್ಜಿ ಹಿಡಿದು ಧಾರವಾಡದ ಕಚೇರಿಗೆ ಬಂದರು. ಅರ್ಜಿಯನ್ನು ನನಗೇ ಕೊಡಿ ಎಂದೆ.

"ನಿನಗ್ಯಾಕ ಕೊಡ್ಲಿ, ತಂಗಿ? ಸಾಹೇಬ್ರು ನನ್ನ ಮಗಾ ಇದ್ದಂಗ. ಗುರ್ತು ಹಿಡೀತಾರ."

ಅಂದು ನನಗೇನನ್ನಿಸಿತೋ, ಮಂತ್ರಿಗಳಿಗೆ ಏನೂ ತಿಳಿಸದೆ ಅವರನ್ನು ಒಳಗೆ ಕಳುಹಿಸಿದೆ. ಮಂತ್ರಿಗಳು ತಲೆ ಎತ್ತಿ, "ಯಾರವಾ ನೀ? ಯಾವೂರು?" ಎಂದರು.

ಅಜ್ಜಿ ಅರ್ಜಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಬಂದು ನನ್ನ ಮುಖವನ್ನೇ ನೋಡಿದರು.

"ಅವರಕಿಂತ ಮೊದಲ ಬಂದು ಎಲ್ಲಾ ಕೇಳಕೊಂಡು ಹೋದಾಕಿ ನೀನ ಅಲ್ಲೇನು?"

"ಹೌದ್ರಿ, ಅಜ್ಜಿ. ಅರ್ಜಿ ಕೊಡ್ರಿ, ನಾ ಮಾಡಿಸ್ತೇನಿ."

"ಭಾಳ ಛಲೋ ಕೆಲಸ ಐತಿ ಬಿಡವಾ ನಿಂದು," ಎಂದು ಅರ್ಜಿ ಕೊಡದೆಯೇ ಮೆಟ್ಟಿಲಿಳಿದು ಹೋದರು.

ಅರ್ಜಿಯಿಲ್ಲದೆ ನಾವು ಕಡತ ತೆರೆಯುವಂತಿಲ್ಲ. ಅವರ ಕಾರ್ಡ್ ಇನ್ನೂ ರದ್ದಾಗಿಯೇ ಇದೆ.