ಮುಂದಿನ ಕೊರಳು ಆರು, ಹಿಂದಿನ ಕೊರಳು ಎಂಟು

ಮೊನ್ನೆ ಪೆನ್‌ಡ್ರೈವ್ ಹುಡುಕ್ತಾ ಲ್ಯಾಪ್‌ಟಾಪ್ ಬ್ಯಾಗಿನಾಗ ಕೈ ಹಾಕಿದ್ರ ಬೆರಳಿಗೆ ನೀಲಿ ಪುಡಿ ಹತ್ತಿತು. ಟೇಲರ್ ಚಾಕಿನ ತುಂಡು, ಯಾವಾಗ ಬಿದ್ದಿತ್ತೋ... ಕೊಟ್ಟೂರಾಗ ನಮ್ಮ ಪಕ್ಕದ ಮನಿ ಟೇಲರ್ ಅಕ್ಕಂದು.

ಅಕ್ಕಗ ಒಂದು ಚಾಳಿ ಇತ್ತು. ಅಳತಿ ತಗೊಳ್ವಾಗ ಬರೇ ನಂಬರ್ ಯಾವತ್ತೂ ಅಂತಿರ್ಲಿಲ್ಲ. "ಎದಿ ಮೂವತ್ನಾಕು, ಸೊಂಟ ಇಪ್ಪತ್ತೆಂಟು" ಅಂತ ಹೆಸರು ಹೇಳೇ ನಂಬರ್ ಹೇಳೋಳು, ಬುಕ್ಕಿನಾಗೂ ಹಂಗ ಬರೆಯೋಳು. ನಾನಾಗ ಫೋನಿನಾಗ ವಿಡಿಯೋ ನೋಡಿ ಪ್ರೋಗ್ರಾಮಿಂಗ್ ಕಲ್ತಿದ್ದೆ, ಸಿಕ್ಕಿದ್ದಕ್ಕೆಲ್ಲ ಕೋಡ್ ಬರೆಯೋ ಹುಚ್ಚು. ನಂಬರ್ ಕೊಟ್ರ ಅಳತಿ ಚೀಟಿ ಪ್ರಿಂಟ್ ಮಾಡಿ ಕೊಡೋ ಒಂದು ಫಂಕ್ಷನ್, ಅಂದ್ರ ಸಣ್ಣ ಪ್ರೋಗ್ರಾಮ್, ಬರೆದು ಅಕ್ಕಗ ತೋರಿಸಿದೆ. ಅದನ್ನ ಓಡಿಸೋದು ಹಿಂಗ: ಚೀಟಿ(34, 28, 6, 8).

ಅಕ್ಕ ನಕ್ಕಳು. "ಇದರಾಗ ಯಾವ್ದು ಎದಿ, ಯಾವ್ದು ಕೊರಳಲೇ? ಹೆಸರಿಲ್ಲದ ನಂಬರು ಬಿಡಾಡಿ ದನ ಇದ್ದಂಗ, ಯಾರ ಹೊಲಕ್ಕ ಬೇಕಾದ್ರೂ ನುಗ್ಗತೈತಿ."

"ಯಾವ ಜಾಗದಾಗ ಯಾವ್ದು ಅಂತ ಅದಕ್ಕ ಗೊತ್ತೈತಿ ಬಿಡಕ್ಕ" ಅಂದೆ. ಹೆಸರು ಹಾಕಿ ಬರೆಯೋದು ನಂಗ ಬರ್ತಿತ್ತು. ಸಾಲು ಉದ್ದ ಆಗತೈತಿ ಅಂತ ಬಿಟ್ಟಿದ್ದೆ, ಅಷ್ಟ. ಅಕ್ಕ ನನ್ನ ಖುಷಿಗಂತ ಬುಕ್ಕ ಬದಿಗಿಟ್ಟು ನನ್ನ ಚೀಟಿ ಬಳಸೋಕೆ ಒಪ್ಪಿದ್ಲು.

ಒಂದಿನ ಹತ್ರದ ಅರಸೀಕೆರಿ ಕಡಿಯಿಂದ ಒಬ್ಬ ಹುಡುಗಿ ರೇಷ್ಮಿ ಬ್ಲೌಸ್ ಪೀಸ್ ತಂದ್ಲು. "ನಮ್ಮವ್ವ ಹೊಲಿಸ್ಕೊಳ್ಳದ ಇಟ್ಟು ಹೋಗಿದ್ದು ರೀ. ನನ್ನ ನಿಶ್ಚಯಕ್ಕ ಹಾಕ್ಕೋಬೇಕು. ಅರಿವಿ ಇಷ್ಟ ಐತಿ." ಅಕ್ಕ "ಮುಂದಿನ ಕೊರಳು ಆರು, ಹಿಂದಿನ ಕೊರಳು ಎಂಟು" ಅಂತ ಅಳತಿ ಹೇಳ್ತಾ ಹೋದ್ಲು, ನಾನು ಬರೇ ನಂಬರ್ ಟೈಪ್ ಮಾಡ್ತಾ ಹೋದೆ. ಹಿಂದಿನ ದಿನ ಕೋಡ್ ತಿದ್ದುವಾಗ ಎರಡು ಕೊರಳಿನ ಜಾಗ ಅದಲು ಬದಲು ಮಾಡಿದ್ದು ಮರ್ತೇ ಹೋಗಿತ್ತು. ಚೀಟಿ ಬಂತು: ಮುಂದಿನ ಕೊರಳು 8, ಹಿಂದಿನ ಕೊರಳು 6. ಚೀಟಿ ಮ್ಯಾಲೆ ಹೆಸರು ಇದ್ವಲ್ಲ... ಅಕ್ಕ ನಂಬಿ ಕತ್ತರಿಸಿದ್ಲು.

ಹಾಕ್ಕೊಂಡು ನೋಡಿದ ಹುಡುಗಿ ಕನ್ನಡಿ ಮುಂದ ಕೈಲಿ ಎದಿ ಮುಚ್ಕೊಂಡು ನಿಂತುಬಿಟ್ಲು. "ಅಕ್ಕಾರ, ಕೊರಳು ಹಿಂದಮುಂದ ಆಗೈತ್ರಿ..."

ಅಕ್ಕ ಚೀಟಿ ನೋಡಿದ್ಲು. ನನ್ನ ನೋಡಿದ್ಲು. "ನನ್ನ ಕತ್ರಿ ತಪ್ಪವ್ವ" ಅಂದ್ಲು.

ನಾನು ಸ್ಕ್ರೀನ್ ನೋಡ್ಕೋತ ಸುಮ್ನಿದ್ದೆ. ಹುಡುಗಿ ಅಳ್ಕೋತ ಹೋದ ಮ್ಯಾಲೂ ಸುಮ್ನಿದ್ದೆ.

ಮರುದಿನದಿಂದ ಅಕ್ಕ ಹಳೇ ಬುಕ್ಕ ತಗದ್ಲು. ಬೈಲಿಲ್ಲ. ಬೈದಿದ್ರ ಚಲೋ ಇತ್ತು... "ಚಾ ಕುಡಿತೀಯೇನಲೇ?" ಅಂತ ಗ್ವಾಡಿ ಆಚಿಯಿಂದ ಕೂಗೋಳು. ನಾನ ಹೋಗೋದು ಕಡಿಮಿ ಮಾಡಿದೆ. ಹೋದ ವರ್ಷ ಅಕ್ಕ ತೀರಿಕೊಂಡ್ಲು.

ಚಾಕ್ ಸಿಕ್ಕ ದಿನ ಆ ಕೋಡ್ ತಗದು ಒಂದೊಂದು ನಂಬರಿಗೂ ಹೆಸರು ಹಚ್ಚಿದೆ. ಚೀಟಿ(ಎದಿ=34, ಸೊಂಟ=28, ಮುಂದಿನ_ಕೊರಳು=6, ಹಿಂದಿನ_ಕೊರಳು=8). ಉದ್ದ ಆತು ಖರೆ. ಓದಿದ್ರ ಅಕ್ಕನ ದನಿ ಕೇಳಿದಂಗ ಆತು. ಆ ಹುಡುಗಿ ಫೋನ್ ನಂಬರೂ ಅದ ಫೈಲಿನಾಗ ಇತ್ತು. ಫೋನ್ ಹಚ್ಚಿದೆ. ತಪ್ಪು ನಂದು, ಅಕ್ಕಂದಲ್ಲ ಅಂದೆ.

ಆಕಿ ಕೇಳಿದ್ಲು, "ಅಕ್ಕಾರ ಮುಂದ ಹೇಳಿದ್ರೇನ್ರಿ ಇದನ್ನ?"

ಗ್ವಾಡಿ ಆಚಿ ಮಿಷಿನ್ ಸಪ್ಪಳ ಇಲ್ಲ ಈಗ...

"ಇಲ್ರಿ" ಅಂದೆ.