ಹಣೆಯ ಮೇಲೆ ಎರಡು ಹತ್ತು

ದೆವ್ವಗಳ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ; ಅವಕ್ಕೆ ಕೊಡಲು ಸಮಯವಿರಲಿಲ್ಲ, ಅಷ್ಟೇ. ಪುಣೆಯ ಸದಾಶಿವ ಪೇಠದ ಸಣ್ಣ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ಅಪಘಾತದ ಗಾಯ ಹೊಲಿದವನಿಗೆ ಬದುಕಿರುವವರೇ ಬೇಕಾದಷ್ಟು ಹೆದರಿಕೆ ಒದಗಿಸುತ್ತಾರೆ. ಹಾಗಾಗಿ ಇದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ.

ನಮ್ಮಲ್ಲಿ ಶಾಂತಕ್ಕ ಎಂಬ ಹಿರಿಯ ನರ್ಸ್ ಇದ್ದರು, ಧಾರವಾಡದ ಕಡೆಯವರು. ಗಾಯವನ್ನು ಎಷ್ಟು ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಅದರ ಮೇಲ್ಗಡೆ ಪಟ್ಟಿ ಬಿಗಿದು, ಬಿಗಿದ ಹೊತ್ತನ್ನು ರೋಗಿಯ ಹಣೆಯ ಮೇಲೆ ಬರೆಯುವುದು ನಮ್ಮ ಪದ್ಧತಿ. ಪಟ್ಟಿ ತೀರ ಹೆಚ್ಚು ಹೊತ್ತು ಉಳಿದರೆ ಅದರ ಕೆಳಗಿನ ಕೈಯೋ ಕಾಲೋ ಸಾಯುತ್ತದೆ. ಶಾಂತಕ್ಕ ಮಾತ್ರ ಕನ್ನಡ ಅಂಕಿ ಬರೆದು, ಸುತ್ತ ಒಂದು ಗೆರೆ ಎಳೆದು, ಅದನ್ನು ಕೆಳಗೆ ಕೂಡಿಸದೆ ಬಿಡುತ್ತಿದ್ದರು. ಪುಣೆಯಲ್ಲಿ ಇದನ್ನು ಯಾರು ಓದಬೇಕೆಂದು ನಾನು ಲಿಖಿತ ತಾಕೀತನ್ನೇ ಕೊಟ್ಟಿದ್ದೆ.

"ಕೊಯ್ಯಾವ್ರು ನೀವು. ನಿಮಗ ಓದಾಕ ಬಂದ್ರ ಸಾಕಲ್ರಿ," ಎಂದು ಅವರು ಆ ಕಾಗದವನ್ನು ಚಹಾದ ಲೋಟದ ಕೆಳಗಿಟ್ಟರು.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಅವರು ತೀರಿಕೊಂಡರು. ತಿಂಗಳು ಕಳೆದಿರಲಿಲ್ಲ. ಇಂದಾಪುರದ ಕಡೆ ಕಬ್ಬಿನ ಟ್ರಾಕ್ಟರ್ ಮಗುಚಿ ಕಾಲು ಜಜ್ಜಿಹೋದವನೊಬ್ಬನನ್ನು ಅವನ ಅಣ್ಣ ಜೀಪಿನಲ್ಲಿ ತಂದ. ಮಧ್ಯಾಹ್ನ ಮೂರು ನಲವತ್ತು. ಕಂಬಳಿ ಸರಿಸಿದರೆ ತೊಡೆಗೆ ಯಾರೋ ಸೀರೆಯ ಚೂರು ಬಿಗಿದು, ಚಮಚ ಸಿಕ್ಕಿಸಿ ತಿರುಚಿದ್ದರು. ಅಚ್ಚುಕಟ್ಟಾದ ಕೆಲಸ. ಅಣ್ಣ ಮಾತ್ರ ತಾನು ಹನ್ನೆರಡರಿಂದ ಟವೆಲ್ಲಿನಿಂದ ಗಾಯ ಒತ್ತಿ ಹಿಡಿದಿದ್ದೆ, ಪಟ್ಟಿ ಕಟ್ಟಿಲ್ಲ ಎಂದ. ನಡುವೆ ಒಮ್ಮೆ ಎಂಜಿನ್ ಕಾದಾಗ ತಾನೂ ಚಾಲಕನೂ ನೀರು ತರಲು ಹೋಗಿದ್ದೆವು, ಬಂದಾಗ ರಕ್ತ ನಿಂತಿತ್ತು, ಕಂಬಳಿ ಸರಿಸಿ ನೋಡಲಿಲ್ಲ ಎಂದ.

ಬೆಳಗಾವಿಯ ನನ್ನ ಸಹಾಯಕ ಡಾಕ್ಟರ್ ಅದನ್ನು ನಂಬಲಿಲ್ಲ. "ಗಾಬರಿಯೊಳಗ ಮರ್ತಾನ್ರಿ ಸರ್. ಹನ್ನೆರಡರಿಂದ ಬಿಗದಿರಬೇಕು. ಕಾಲು ತಗಿಯೂದ ಛಲೋ."

ಅಷ್ಟರಲ್ಲಿ ರೋಗಿಯ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಹಣೆಯ ಮೇಲೆ ೨-೧೦. ಸುತ್ತ ಗೆರೆ, ಕೆಳಗೆ ಕೂಡಿರಲಿಲ್ಲ.

ಎರಡು ಹತ್ತು ನಿಜವಾದರೆ ಬರೀ ಒಂದೂವರೆ ಗಂಟೆ. ರಕ್ತನಾಳ ಹೊಲಿದು ಕಾಲು ಉಳಿಸಬಹುದು. ಸುಳ್ಳಾದರೆ, ಪಟ್ಟಿ ಬಿಚ್ಚಿದಾಗ ಸತ್ತ ಕಾಲಿನ ನಂಜೇರಿ ಮನುಷ್ಯನೇ ಹೋಗುತ್ತಾನೆ. ಹಿಂದಿನ ದಿನದಿಂದ ನಾನು ನಿದ್ದೆ ಮಾಡಿರಲಿಲ್ಲ. ಕಣ್ಣುಜ್ಜಿ ಮತ್ತೆ ನೋಡಿದೆ. ಅಲ್ಲೇ ಇತ್ತು.

"ಹೊಲಿಯೋಣ," ಎಂದೆ.

"ಯಾತರ ಮ್ಯಾಲೆ ಹೇಳ್ತೀರಿ ಸರ್?"

"ಬರದಾರಲ್ಲಪಾ."

ನಾಲ್ಕು ತಾಸಿನ ಮೇಲೆ ಪಾದ ಬೆಚ್ಚಗಾಯಿತು. ಎರಡು ತಿಂಗಳಿಗೆ ಅವನು ಕುಂಟುತ್ತ, ತನ್ನ ಎರಡೂ ಕಾಲಿನ ಮೇಲೆ, ಮನೆಗೆ ಹೋದ. ಜೀಪಿನಲ್ಲಿ ನಡೆದದ್ದು ಅವನಿಗೆ ಒಂದಿಷ್ಟೂ ನೆನಪಿರಲಿಲ್ಲ. ಆಪರೇಷನ್ನಿಗೆ ಮೊದಲೇ ಹೊಸ ನರ್ಸ್ ಅವನ ಹಣೆಯನ್ನು ಸ್ಪಿರಿಟ್ಟಿನಿಂದ ಚೆನ್ನಾಗಿ ಒರೆಸಿದ್ದಳು. ಸ್ವಚ್ಛತೆಯ ಬಗ್ಗೆಯೂ ನನ್ನದೇ ಒಂದು ತಾಕೀತು ಇತ್ತು. ಸಹಾಯಕ ತಾನು ಕಂಡದ್ದು ಬರೀ ಶಾಯಿಯ ಕಲೆ ಎಂದ. ಇರಬಹುದು.

ಕೇಸ್ ಪೇಪರಿನಲ್ಲಿ ಪಟ್ಟಿ ಕಟ್ಟಿದವರು ಯಾರೆಂದು ಬರೆಯಬೇಕಿತ್ತು. 'ನಮ್ಮ ಸಿಬ್ಬಂದಿ' ಎಂದು ಬರೆದು ಸಹಿ ಹಾಕಿದೆ. ಇದಕ್ಕಿಂತ ಸರಿಯಾದ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ.